ಕೆಂಪು ಲಿಟ್ಮಸ್ ನೀಲಿಯಾದರೂ ವಾಷಿಂಗ್ ಸೋಡಾ ಲವಣವೇ ಏಕೆ?

ವಾಷಿಂಗ್ ಸೋಡಾದ, ಅಂದರೆ ಸೋಡಿಯಂ ಕಾರ್ಬೊನೇಟ್‌ನ, ದ್ರಾವಣದಲ್ಲಿ ಕೆಂಪು ಲಿಟ್ಮಸ್ (ಆಮ್ಲದಲ್ಲಿ ಕೆಂಪು, ಪ್ರತ್ಯಾಮ್ಲದಲ್ಲಿ ನೀಲಿ ಆಗುವ ಸೂಚಕ) ನೀಲಿಯಾಯಿತೆಂದು ನೀವು ಅದನ್ನು ಪ್ರತ್ಯಾಮ್ಲವೆಂದು ಬರೆದಿದ್ದೀರಿ. ಮಾದರಿ ಉತ್ತರದಲ್ಲಿ ಲವಣವೆಂದಿರುವುದರಿಂದ ಯಾವುದು ಸರಿ ಎಂದು ಕೇಳಿದ್ದೀರಿ. ವರ್ಗದ ಮಟ್ಟಿಗೆ ಮಾದರಿ ಉತ್ತರ ಸರಿ, ನೀವು ಕಂಡ ಬಣ್ಣವೂ ಸರಿ. ಲಿಟ್ಮಸ್ ತಿಳಿಸುವುದು ದ್ರಾವಣದ ಸ್ವಭಾವವನ್ನು, ಸಂಯುಕ್ತದ ವರ್ಗವನ್ನಲ್ಲ. ಚಿಕ್ಕಬಳ್ಳಾಪುರದಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಕಲಿಸುವ ನಾನು ಇವೆರಡನ್ನೂ ಎರಡು ಪ್ರತ್ಯೇಕ ಪ್ರಶ್ನೆಗಳಾಗಿಯೇ ಕೇಳುತ್ತೇನೆ.

ಶಾಲೆಯ ಮಟ್ಟದಲ್ಲಿ ವರ್ಗವನ್ನು ಸೂತ್ರದಿಂದಲೇ ಗುರುತಿಸಬಹುದು. ಹೈಡ್ರೋಕ್ಲೋರಿಕ್, ಸಲ್ಫ್ಯೂರಿಕ್, ನೈಟ್ರಿಕ್ ಆಮ್ಲಗಳಲ್ಲಿರುವಂತೆ ಸೂತ್ರದ ಮೊದಲಿಗೆ ಹೈಡ್ರೋಜನ್ ಇದ್ದು ಅದು ನೀರಿನಲ್ಲಿ ಅಯಾನಾಗಿ (ವಿದ್ಯುದಾವೇಶವುಳ್ಳ ಕಣವಾಗಿ) ಬಿಡುಗಡೆಯಾದರೆ ಆಮ್ಲ. ಲೋಹದೊಡನೆ ಹೈಡ್ರಾಕ್ಸೈಡ್ ಇದ್ದರೆ ಪ್ರತ್ಯಾಮ್ಲ. ಲೋಹ ಅಥವಾ ಅಮೋನಿಯಂನೊಡನೆ ಆಮ್ಲದ ಉಳಿದ ಭಾಗ ಸೇರಿದ್ದರೆ ಲವಣ. ಇಲ್ಲಿ ಎಡವುವ ಜಾಗಗಳೂ ಇವೆ. ಅಮೋನಿಯಾದಲ್ಲಿ ಹೈಡ್ರಾಕ್ಸೈಡ್ ಇಲ್ಲದಿದ್ದರೂ ಅದು ಪ್ರತ್ಯಾಮ್ಲ. ಎಥನಾಲ್‌ನಲ್ಲಿ ಆಕ್ಸಿಜನ್-ಹೈಡ್ರೋಜನ್ ಜೋಡಿ ಇದ್ದರೂ ಅದು ಇಂಗಾಲಕ್ಕೆ ಅಂಟಿಕೊಂಡಿರುವುದರಿಂದ ಪ್ರತ್ಯಾಮ್ಲವಲ್ಲ. ಅಸಿಟಿಕ್ ಆಮ್ಲದ ನಾಲ್ಕು ಹೈಡ್ರೋಜನ್‌ಗಳಲ್ಲಿ ಆಮ್ಲದ ಗುಣ ಕೊಡುವುದು ಸೂತ್ರದ ಕೊನೆಯಲ್ಲಿರುವ ಒಂದೇ. ಅಡುಗೆ ಸೋಡಾದಲ್ಲಿ ಹೈಡ್ರೋಜನ್ ಇದ್ದರೂ ಅದು ಲವಣವೇ.

ಲವಣದ ದ್ರಾವಣ ಯಾವ ಸ್ವಭಾವದ್ದೆಂದು ತಿಳಿಯಲು ಅದು ಯಾವ ಆಮ್ಲ, ಯಾವ ಪ್ರತ್ಯಾಮ್ಲಗಳಿಂದ ಹುಟ್ಟಿತೆಂದು ಕೇಳಿಕೊಳ್ಳಿ. ಎರಡರಲ್ಲಿ ಯಾವುದು ಪ್ರಬಲವೋ ದ್ರಾವಣಕ್ಕೆ ಅದರ ಸ್ವಭಾವ. ಅಡುಗೆ ಉಪ್ಪಿನ ಎರಡು ಮೂಲಗಳೂ ಪ್ರಬಲ, ಆದ್ದರಿಂದ ಅದು ತಟಸ್ಥ. ವಾಷಿಂಗ್ ಸೋಡಾ ಪ್ರಬಲವಾದ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ದುರ್ಬಲವಾದ ಕಾರ್ಬಾನಿಕ್ ಆಮ್ಲದ ಲವಣ. ಅದರ ಕಾರ್ಬೊನೇಟ್ ಅಯಾನು ನೀರಿನಿಂದ ಹೈಡ್ರೋಜನ್ ಅಯಾನನ್ನು ಕಸಿದುಕೊಂಡು ಹೈಡ್ರಾಕ್ಸೈಡನ್ನು ಉಳಿಸುವುದರಿಂದ ಲಿಟ್ಮಸ್ ನೀಲಿಯಾಗುತ್ತದೆ. ಅಮೋನಿಯಂ ಕ್ಲೋರೈಡ್‌ನಲ್ಲಿ ಇದು ತಿರುಗುಮುರುಗು: ಅಲ್ಲಿ ಆಮ್ಲವೇ ಪ್ರಬಲವಾದ್ದರಿಂದ ದ್ರಾವಣ ಆಮ್ಲೀಯ.

ನಮ್ಮ ಜಿಲ್ಲೆಯ ದ್ರಾಕ್ಷಿ ತೋಟಗಳಿಗೆ ಸಿಂಪಡಿಸುವ ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕುತ್ತಾರೆ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಲವಣವಾದರೂ ಅದರ ದ್ರಾವಣ ನೀಲಿ ಲಿಟ್ಮಸ್ಸನ್ನು ಕೆಂಪಾಗಿಸುತ್ತದೆ. ಅದನ್ನು ಹಾಗೆಯೇ ಸಿಂಪಡಿಸಿದರೆ ಎಲೆ ಸುಡುತ್ತದೆ. ಅರಳಿದ ಸುಣ್ಣ ಪ್ರತ್ಯಾಮ್ಲವಾದ್ದರಿಂದ ಆ ಆಮ್ಲೀಯತೆಯನ್ನು ತಟಸ್ಥಗೊಳಿಸುತ್ತದೆ. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕಲಸಿ, ಆಮೇಲೆ ಬೆರೆಸಿ, ಹೊಳೆಯುವಂತೆ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಗಂದು ಲೇಪ ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಲೇಪ ಕೂರುವುದು ನಿಲ್ಲುವವರೆಗೆ ಸುಣ್ಣದ ತಿಳಿಯನ್ನು ಸೇರಿಸುತ್ತಾರೆ. ಮಕ್ಕಳಿಗೆ ಹತ್ತು ಸೂತ್ರ ಬರೆಸುವುದಕ್ಕಿಂತ ಈ ಚಾಕುವನ್ನು ತೋರಿಸುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಮೈಲುತುತ್ತ ವಿಷ, ರುಚಿ ನೋಡುವ ಪ್ರಯತ್ನ ಬೇಡ.

ನಿಮ್ಮ ಉತ್ತರವೂ ಆಧಾರವಿಲ್ಲದ್ದಲ್ಲ. 1923ರಲ್ಲಿ ರಸಾಯನಶಾಸ್ತ್ರಜ್ಞರಾದ ಬ್ರಾನ್‌ಸ್ಟೆಡ್ ಮತ್ತು ಲೌರಿ ಕೊಟ್ಟ ವ್ಯಾಖ್ಯೆಯಂತೆ ಹೈಡ್ರೋಜನ್ ಅಯಾನನ್ನು ಸ್ವೀಕರಿಸುವುದೆಲ್ಲ ಪ್ರತ್ಯಾಮ್ಲ, ಹಾಗಾಗಿ ಕಾರ್ಬೊನೇಟ್ ಅಯಾನೂ ಪ್ರತ್ಯಾಮ್ಲವೇ. ಪಿಯುಸಿಯಲ್ಲಿ ಅದನ್ನು ಓದುತ್ತೀರಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಮಾತ್ರ “ಸೋಡಿಯಂ ಕಾರ್ಬೊನೇಟ್ ಒಂದು ಲವಣ, ಅದರ ಜಲೀಯ ದ್ರಾವಣ ಪ್ರತ್ಯಾಮ್ಲೀಯ” ಎಂದು ಬರೆಯಿರಿ.