ಅಕ್ವೇರಿಯಂ ನೀರು ಕಂದಾಯ್ತು: ಕಿಟ್ ನಂಬಬೇಕಾ, ಮೀಟರ್ ನಂಬಬೇಕಾ?

ಪ್ರಶ್ನೆ: ನಮ್ಮದು ಎರಡು ಅಡಿಯ ಅಕ್ವೇರಿಯಂ, ಬೋರ್‌ವೆಲ್ ನೀರು. ಗಪ್ಪಿ, ಮೋಲಿ ಸಾಕಿದ್ದೇವೆ. ಡ್ರಿಫ್ಟ್‌ವುಡ್ ಇಟ್ಟ ಮೇಲೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಹನಿ ಹಾಕುವ ಕಿಟ್‌ನಲ್ಲಿ ಪಿಎಚ್ 6.8 ಬರುತ್ತದೆ, ಗೆಳೆಯನ ಡಿಜಿಟಲ್ ಮೀಟರ್‌ನಲ್ಲಿ 7.6. ಯಾವುದು ಸರಿ? ಮರ ತೆಗೆದುಬಿಡಲೇ?
— ಓದುಗರೊಬ್ಬರು, ತುಮಕೂರು

ಉತ್ತರ: ಮರ ಅಲ್ಲೇ ಇರಲಿ. ನನಗೆ ಅನುಮಾನ ನಿಮ್ಮ ಕಿಟ್ ಮೇಲೆ.

ಆ ಕಿಟ್ ಬಣ್ಣ ನೋಡಿ ಹೇಳುವಂಥದ್ದು ಅಲ್ವಾ? ಹುಳಿ ನೀರಿಗೆ ಹಳದಿ, ನಡುವೆ ಹಸಿರು, ಕ್ಷಾರಕ್ಕೆ ನೀಲಿ. ಮರದಿಂದ ಇಳಿದ ಟ್ಯಾನಿನ್ ನಿಮ್ಮ ನೀರನ್ನು ಮೊದಲೇ ಹಳದಿ ಮಾಡಿದೆ. ಅದರಲ್ಲಿ ನೀಲಿ ಬೆರೆತರೆ ಹಸಿರೇ ಕಾಣುತ್ತದೆ. ಪಿಎಚ್ ಇಳಿದಿದೆ, ಅಂದರೆ ನೀರು ಹುಳಿಯಾಗಿದೆ ಅಂತ ನೀವು ಓದುತ್ತೀರಿ.

ಇದಕ್ಕೊಂದು ಸುಲಭ ಉಪಾಯವಿದೆ. ಅದೇ ತೊಟ್ಟಿಯ ನೀರನ್ನು ಇನ್ನೊಂದು ಟ್ಯೂಬಿನಲ್ಲಿ ಅಷ್ಟೇ ಎತ್ತರಕ್ಕೆ ತುಂಬಿ. ಇದಕ್ಕೆ ಹನಿ ಹಾಕಬೇಡಿ. ಅದನ್ನು ಬಣ್ಣದ ಚೀಟಿಯ ಮೇಲಿಡಿ, ಹನಿ ಹಾಕಿದ ಟ್ಯೂಬನ್ನು ಬಿಳಿ ಹಾಳೆಯ ಮೇಲಿಡಿ. ಎರಡನ್ನೂ ಮೇಲಿನಿಂದ ನೋಡಿ ಹೋಲಿಸಿ. ಕಂದು ಎರಡೂ ಕಡೆ ಇರುವುದರಿಂದ ಮೋಸ ಆಗದು. ಅಮೋನಿಯಾ, ನೈಟ್ರೈಟ್ ನೋಡುವಾಗಲೂ ಹೀಗೇ ಮಾಡಿ. ನೈಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಬಹುದು. ಪಿಎಚ್‌ಗೆ ಮಾತ್ರ ಆ ಲೆಕ್ಕ ನಡೆಯುವುದಿಲ್ಲ.

ಗೆಳೆಯನ ಮೀಟರ್ ಕೂಡ ಸುಮ್ನೆ ನಂಬಬೇಡಿ. ಪಿಎಚ್ ಇಷ್ಟೇ ಅಂತ ಗೊತ್ತಿರುವ 6.86 ಮತ್ತು 9.18ರ ಬಫರ್ ಪುಡಿ ಕರಗಿಸಿ ಮೀಟರನ್ನು ಯಾವಾಗ ಹೊಂದಿಸಿದ್ದು ಅಂತ ಕೇಳಿ.

ನಿಜವಾಗಿ ನೋಡಬೇಕಾದದ್ದು ಕೆಎಚ್. ನೀರಿನಲ್ಲಿ ಕಾರ್ಬೊನೇಟ್ ಎಷ್ಟಿದೆ ಅನ್ನುವ ಅಳತೆ ಅದು; ಹುಳಿ ಸೇರಿದರೂ ಪಿಎಚ್ ಇಳಿಯದಂತೆ ತಡೆಯುವುದು ಈ ಕಾರ್ಬೊನೇಟೇ. ಸಾಮಾನ್ಯ ಕಿಟ್‌ನಲ್ಲಿ 5 ಮಿ.ಲೀ. ನೀರಿಗೆ ಒಂದೊಂದೇ ಹನಿ ಹಾಕುತ್ತಾ ಬಣ್ಣ ತಿರುಗುವವರೆಗೆ ಎಣಿಸಬೇಕು. ಹನಿಗೆ ಒಂದು ಡಿಗ್ರಿ. ಆರೇಳು ಹನಿ ಹಿಡಿದರೆ ಒಂದು ಮರದ ತುಂಡು ಪಿಎಚ್ ಅನ್ನು ಹೆಚ್ಚೇನೂ ಇಳಿಸಲಾರದು. ನಲ್ಲಿ, ಬಕೆಟ್ ಮೇಲೆ ಬಿಳಿ ಕಲೆ ಕೂರುವ ಬೋರ್‌ವೆಲ್ ನೀರಾದರೆ ಇನ್ನೂ ಜಾಸ್ತಿಯೇ ಬರಬಹುದು. ಗಪ್ಪಿ, ಮೋಲಿಗೆ ಗಡಸು ನೀರೇ ಹಿತ.

ಆರ್‌ಓ ಅಥವಾ ಮಳೆನೀರು ಬಳಸುವವರ ಕಥೆ ಬೇರೆ. ಕೆಎಚ್ ಒಂದೆರಡೇ ಇದ್ದರೆ ಪಿಎಚ್ 6ಕ್ಕಿಂತ ಕೆಳಗಿಳಿದು, ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಮಂದವಾಗುತ್ತವೆ. ಆಗ ಕೂಡುವ ಅಮೋನಿಯಾ ಹುಳಿ ನೀರಿನಲ್ಲಿ ಅಷ್ಟು ವಿಷವಲ್ಲ. ಒಮ್ಮೆಲೇ ಕ್ಷಾರದ ನೀರು ಸುರಿದರೆ ಮಾತ್ರ ವಿಷವಾಗಿ ಮೀನು ಸಾಯಬಹುದು.

ಬಣ್ಣ ಹಿಡಿಸದಿದ್ದರೆ ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ನನಗಂತೂ ಕಂದು ನೀರೇ ಇಷ್ಟ. ಮನೆಗೆ ಬಂದವರು 'ನೀರು ಬದಲಿಸಿಲ್ವಾ' ಅಂತ ಕೇಳುತ್ತಲೇ ಇರುತ್ತಾರೆ. ಪಿಎಚ್ ಏರಿಸುವ ಬಾಟಲಿಗೆ ಮಾತ್ರ ದುಡ್ಡು ಹಾಕಬೇಡಿ.