ಈಜು ಬರದಿದ್ದರೂ ಕಲಿಸಬಹುದು

ನಮಸ್ಕಾರ. ಗಂಗಾವತಿ ಹತ್ತಿರ ಎಡದಂಡೆ ಕಾಲುವೆ ಪಕ್ಕ ನಿಮ್ಮ ಊರು. ಗೆಳೆಯರು ಸೇರಿ ಮಕ್ಕಳಿಗೆ ನೀರಿನ ಸುರಕ್ಷತೆ ಹೇಳಿಕೊಡಬೇಕು, ಆದರೆ ನಿಮಗೇ ಈಜು ಅಷ್ಟಕ್ಕಷ್ಟೇ, ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಿ. ಆ ಅಳುಕು ಒಂದು ರೀತಿ ಒಳ್ಳೆಯದೇ. ಹುಮ್ಮಸ್ಸಿನಲ್ಲಿ ನೀರಿಗೆ ಹಾರುವುದಿಲ್ಲ, ಅಲ್ವಾ?

ಮೊದಲ ಪಾಠವೂ ಅದೇ. ಮುಳುಗುತ್ತಿರುವವರು ಗಾಬರಿಯಲ್ಲಿ ಕಾಪಾಡಲು ಬಂದವರನ್ನೇ ಅಪ್ಪಿಕೊಂಡು ಒಳಗೆ ಎಳೆಯುತ್ತಾರೆ. ಅದಕ್ಕೆ ದಡದಲ್ಲೇ ಬೋರಲು ಮಲಗಿ ಕೋಲು ಚಾಚಬೇಕು. ಬಟ್ಟೆ ಒಗೆಯುವ ಕಡೆ ಸೀರೆ ಇದ್ದೇ ಇರುತ್ತದೆ, ಅದನ್ನೇ ಎಸೆಯಬಹುದು. ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿಟ್ಟರೆ ಇನ್ನೂ ವಾಸಿ. ಸ್ವಲ್ಪ ನೀರು ಹಾಕಿ ಮುಚ್ಚಳ ಬಿಗಿದರೆ ದೂರ ಹೋಗಿ ಬೀಳುತ್ತದೆ.

ಕಾಲುವೆಯ ಸಿಮೆಂಟ್ ಇಳಿಜಾರಿನಲ್ಲಿ ಪಾಚಿ ಜಾಸ್ತಿ. ಈಜು ಬಲ್ಲವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ. ಬಿದ್ದವರು ಸುಮ್ನೆ ಕೈಕಾಲು ಬಡಿದು ಸುಸ್ತಾಗುವ ಬದಲು ಅಂಗಾತ ತೇಲಬೇಕು. 1824ರಿಂದ ಕಡಲಲ್ಲಿ ಜನರನ್ನು ಕಾಪಾಡುತ್ತಿರುವ ಬ್ರಿಟನ್ನಿನ ಆರ್‌ಎನ್‌ಎಲ್‌ಐ ಸಂಸ್ಥೆಯೂ ಇದನ್ನೇ ಕಲಿಸುತ್ತದೆ: ತಲೆ ಹಿಂದಕ್ಕೆ ವಾಲಿಸಿ, ಕಿವಿ ನೀರಲ್ಲಿರಲಿ, ಉಸಿರು ಹತೋಟಿಗೆ ಬಂದ ಮೇಲೆ ಕೂಗಿ.

ಇನ್ನೊಂದು ಮಾತು. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡವೇ ಬೇಡ. 112ಕ್ಕೆ ಕರೆ ಮಾಡಿಸಿ. ಉಸಿರಿಲ್ಲದಿದ್ದರೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತಬೇಕು. ಇದನ್ನು ಮಾತ್ರ ನೀವೇ ಕಲಿಸಲು ಹೋಗಬೇಡಿ, ತರಬೇತಿ ಪಡೆದವರನ್ನು ಕರೆಸಿ. ಅಗ್ನಿಶಾಮಕ ಠಾಣೆಯಲ್ಲಿ ಕೇಳಿ ನೋಡಿ.

ಡ್ಯಾಮಿನಿಂದ ಕಾಲುವೆಗೆ ನೀರು ಬಿಡುವ ಮೊದಲೇ ಶಾಲೆಯಲ್ಲಿ ಒಂದು ತರಗತಿ ಇಡಿ. ಬಟ್ಟೆ ಒಗೆಯಲು ಹೋಗುವ ಅಕ್ಕಂದಿರನ್ನೂ ಕರೆಯಿರಿ.