ಅತ್ತೆ ಕಂಡದ್ದು ಸುಳ್ಳಲ್ಲ, ಆದರೆ ಜಾಗ ಮಾರಬೇಡಿ

ಪ್ರಶ್ನೆ: ಡಾಕ್ಟ್ರೇ, ನನ್ನ ಅತ್ತೆಗೆ 68 ವರ್ಷ. ಕಳೆದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಐಸಿಯುನಲ್ಲಿ ಹೃದಯವೇ ನಿಂತಿತ್ತು. ಎದೆ ಒತ್ತಿ, ಶಾಕ್ ಕೊಟ್ಟು ಉಳಿಸಿದರು. ಆಗ ತೀರಿಹೋದ ತನ್ನ ಅಮ್ಮನನ್ನು, ಒಂದು ದೊಡ್ಡ ಬೆಳಕನ್ನು ಕಂಡೆ ಅನ್ನುತ್ತಾರೆ. ಅಲ್ಲಿವರೆಗೆ ಸರಿ. ಈಗ ದಿನವಿಡೀ ಮೊಬೈಲಿನಲ್ಲಿ ‘ಸತ್ತು ಬದುಕಿ ಬಂದವರ’ ವಿಡಿಯೋ. ಅದರಲ್ಲೊಬ್ಬ, ಇನ್ನು ಮೂರು ವರ್ಷದಲ್ಲಿ ಕಡಲು ಉಕ್ಕುತ್ತದೆ, ಲೋಕದ ಕೊನೆ ಬಂತು ಎಂದನಂತೆ. ಮಲ್ಪೆ ಹತ್ತಿರ ಮನೆ ಕಟ್ಟಲೆಂದು ಇಟ್ಟುಕೊಂಡ ಐದು ಸೆಂಟ್ಸ್ ಜಾಗ ಮಾರಿ ಘಟ್ಟದ ಮೇಲೆ ಹೋಗೋಣ ಎಂದು ಹಠ ಹಿಡಿದಿದ್ದಾರೆ. ‘ನಾನು ಕಂಡದ್ದು ನಿಜವಾದರೆ ಅವನು ಕಂಡದ್ದೂ ನಿಜವೇ ಅಲ್ವಾ?’ ಅನ್ನುತ್ತಾರೆ. ಏನು ಹೇಳಲಿ?
– ಓದುಗರು, ಉಡುಪಿ

ಉತ್ತರ: ನಿಮ್ಮ ಅತ್ತೆಯ ಪ್ರಶ್ನೆ ಚೆನ್ನಾಗಿದೆ. ‘ಅದೆಲ್ಲ ಭ್ರಮೆ, ಸುಮ್ನಿರಿ ಅತ್ತೆ’ ಅಂತ ಮಾತ್ರ ಹೇಳಬೇಡಿ. ಅವರು ಏನೋ ಕಂಡಿದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಹಾಲೆಂಡಿನ ಹೃದಯತಜ್ಞ ಪಿಮ್ ವಾನ್ ಲೊಮ್ಮೆಲ್ ಮತ್ತು ಅವರ ಜೊತೆಯವರು, ಹೃದಯ ನಿಂತು ಮತ್ತೆ ಬದುಕಿದ 344 ಜನರನ್ನು ಮಾತಾಡಿಸಿ 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅವರಲ್ಲಿ 62 ಮಂದಿ ಇಂಥದ್ದೇನೋ ಆಯಿತು ಅಂದಿದ್ದರು. ಐದಾರು ಜನರಲ್ಲಿ ಒಬ್ಬರು ಅಂದರೆ ಕಮ್ಮಿಯೇನಲ್ಲ.

ಆದರೆ ಕಾಣುವುದು ಎಲ್ಲರಿಗೂ ಒಂದೇ ಅಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರಿಚಾ, ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಜೊತೆ ಸೇರಿ 1986ರಲ್ಲಿ ಭಾರತದ 16 ಜನರ ಅನುಭವಗಳನ್ನು ಪ್ರಕಟಿಸಿದರು. ಅಲ್ಲಿ ಬರುವವರು ಯಮದೂತರು! ಎಳೆದುಕೊಂಡು ಹೋಗುತ್ತಾರೆ, ಅಲ್ಲಿ ಪುಸ್ತಕ ತೆಗೆದು ನೋಡಿದರೆ ತಂದದ್ದು ಬೇರೆ ಯಾರನ್ನೋ, ವಾಪಸ್ ಕಳಿಸಿ ಅಂತ ಅಪ್ಪಣೆ. (ತಾಲೂಕು ಆಫೀಸಿನ ನೆನಪಾದರೆ ತಪ್ಪಿಲ್ಲ.) ಅಮೆರಿಕದವರಿಗೆ ಈ ಲೆಕ್ಕದ ಪುಸ್ತಕ, ಈ ತಪ್ಪು ಹೆಸರು ಕಾಣುವುದೇ ಅಪರೂಪ. ಕಾಣುವುದು ಏನೇ ಇರಲಿ, ಅದಕ್ಕೆ ಬಟ್ಟೆ ತೊಡಿಸುವುದು ನಮ್ಮ ಮನೆಯಲ್ಲಿ ಕೇಳಿ ಬೆಳೆದ ಕಥೆ.

ಕಥೆ ದಿನ ಕಳೆದ ಹಾಗೆ ಬೆಳೆಯುತ್ತದೆ ಕೂಡ. ಮಂಗಳೂರಲ್ಲಿ ನಾನು ಕೆಲಸಕ್ಕಿದ್ದಾಗ ಬಂಟ್ವಾಳ ಕಡೆಯ ಒಬ್ಬ ಬಸ್ ಡ್ರೈವರ್‌ಗೆ ಹೀಗೇ ಹೃದಯ ನಿಂತಿತ್ತು. ಮೂರನೇ ದಿನ ಗಂಜಿ ಕುಡಿಯುತ್ತಾ ಆತ ಹೇಳಿದ್ದನ್ನು ನಾನು ಡೈರಿಯಲ್ಲಿ ಬರೆದಿಟ್ಟೆ. ಬಾವಿಯೊಳಗೆ ಇದ್ದ ಹಾಗೆ ಕತ್ತಲೆ, ಮೇಲೆ ಸ್ವಲ್ಪ ಬೆಳಕು, ಅಜ್ಜಿಯ ಸ್ವರ: ‘ಪಿರ ಪೋಲ ಮಗಾ’, ವಾಪಸ್ ಹೋಗು ಅಂತ. ಅಷ್ಟೇ. ಆರು ತಿಂಗಳ ಮೇಲೆ ಚೆಕಪ್‌ಗೆ ಬಂದಾಗ ಬಾವಿ ಹೋಗಿ ದೇವಸ್ಥಾನದ ಗೋಪುರ ಬಂದಿತ್ತು, ಅಜ್ಜಿ ಬಿಳಿ ಸೀರೆ ಉಟ್ಟಿದ್ದರು, ಊರಿಗೆ ಬರುವ ಒಂದು ಕಷ್ಟವನ್ನೂ ಹೇಳಿದ್ದರು. ಆತ ಸುಳ್ಳುಗಾರನಲ್ಲ. ಊರಲ್ಲಿ ಐವತ್ತು ಸಲ ಹೇಳಿದ್ದ, ಕೇಳಿದವರೆಲ್ಲ ಒಂದೊಂದು ಪ್ರಶ್ನೆ ಹಾಕಿದ್ದರು. ಹಾಗಾಗಿ ಯಾರೇ ಹೀಗೆ ಹೇಳಿದರೂ ನಾನು ಮೊದಲು ಕೇಳುವುದು, ಇದನ್ನು ಮೊದಲ ಸಲ ಯಾರಿಗೆ ಹೇಳಿದಿರಿ, ಯಾವಾಗ ಹೇಳಿದಿರಿ ಅಂತ.

‘ಮೇಲಿನಿಂದ ನನ್ನ ದೇಹವನ್ನೇ ನೋಡಿದೆ’ ಅನ್ನುವವರೂ ಇದ್ದಾರೆ. ಅದನ್ನು ಪರೀಕ್ಷೆಯೂ ಮಾಡಿದ್ದಾರೆ. ಸ್ಯಾಮ್ ಪಾರ್ನಿಯಾ ಎಂಬ ವೈದ್ಯರ ತಂಡ 15 ಆಸ್ಪತ್ರೆಗಳಲ್ಲಿ, ಮೇಲಿನಿಂದ ನೋಡಿದರೆ ಮಾತ್ರ ಕಾಣುವ ಹಾಗೆ ಎತ್ತರದ ಶೆಲ್ಫ್‌ಗಳಲ್ಲಿ ಚಿತ್ರಗಳನ್ನು ಇಟ್ಟಿತು. 2014ರಲ್ಲಿ ಫಲಿತಾಂಶ ಬಂತು. ಹೃದಯ ನಿಂತ 2,060 ಪ್ರಕರಣಗಳಲ್ಲಿ ಆ ಚಿತ್ರ ನೋಡಿದವರು ಒಬ್ಬರೂ ಸಿಗಲಿಲ್ಲ. ಒಬ್ಬಾತ ಮಾತ್ರ ಕೋಣೆಯಲ್ಲಿ ಆದದ್ದನ್ನು ಹೆಚ್ಚುಕಡಿಮೆ ಸರಿಯಾಗಿ ಹೇಳಿದ, ಆದರೆ ಆ ಕೋಣೆಯಲ್ಲಿ ಶೆಲ್ಫೇ ಇರಲಿಲ್ಲ. ಈ ವಿಷಯದ ಕಥೆಯೇ ಹೀಗೆ, ಯಾವ ಕಡೆಯವರಿಗೂ ಪೂರ್ತಿ ಸಮಾಧಾನ ಸಿಗುವುದಿಲ್ಲ.

ಈಗ ಆ ವಿಡಿಯೋದವನ ವಿಷಯ. ನಿಮ್ಮ ಅತ್ತೆ ಹೇಳುತ್ತಿರುವುದು ತನಗೆ ಆದದ್ದನ್ನು, ಅವನು ಹೇಳುತ್ತಿರುವುದು ಇನ್ನೂ ಆಗದೇ ಇರುವುದನ್ನು. ಅವನು ಬೆಳಕು ಕಂಡದ್ದು ನಿಜವೇ ಇರಬಹುದು, ಅದರಿಂದ ಮಲ್ಪೆ ಕಡಲಿನ ಬಗ್ಗೆ ಅವನಿಗೇನು ಗೊತ್ತಾಯಿತು? ಸಾವಿನ ಬಾಗಿಲ ತನಕ ಹೋಗಿ ಲೋಕದ ಕೇಡನ್ನು ಕಂಡು ಬಂದೆವು ಅನ್ನುವವರ ಮಾತುಗಳನ್ನು ಕೆನೆತ್ ರಿಂಗ್ ಎಂಬ ಮನೋವಿಜ್ಞಾನಿ 1980ರ ದಶಕದ ಶುರುವಿನಲ್ಲೇ ಕಲೆಹಾಕಿದ್ದರು. ದೊಡ್ಡ ಅನಾಹುತಗಳಿಗೆ ಹಲವರು ಹೇಳಿದ ವರ್ಷ 1988. ಆ ವರ್ಷ ಬಂತು, ಹೋಯಿತು, ಲೋಕ ಇಲ್ಲೇ ಇದೆ. ಇದರಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಅವರು ಮೋಸಗಾರರಲ್ಲ ಎಂಬುದೇ. ಪ್ರಾಮಾಣಿಕರು ಹೇಳಿದ್ದೂ ಸುಳ್ಳಾಗುತ್ತದೆ.

ಮೋಸ ಇರುವ ಕಡೆಯೂ ಉಂಟು. ಅಪಘಾತದಲ್ಲಿ ಸತ್ತು ಸ್ವರ್ಗ ನೋಡಿ ಬಂದ ಹುಡುಗ ಎಂದು ಅಮೆರಿಕದಲ್ಲಿ 2010ರಲ್ಲಿ ಒಂದು ಪುಸ್ತಕ ಬಂತು, ಲಕ್ಷಗಟ್ಟಲೆ ಮಾರಾಟವಾಯಿತು. 2015ರಲ್ಲಿ ಅದೇ ಹುಡುಗ, ನಾನು ಸಾಯಲೂ ಇಲ್ಲ, ಸ್ವರ್ಗಕ್ಕೆ ಹೋಗಲೂ ಇಲ್ಲ ಎಂದು ಬಹಿರಂಗವಾಗಿ ಬರೆದ. ಪ್ರಕಾಶಕರು ಪುಸ್ತಕ ವಾಪಸ್ ತೆಗೆದುಕೊಂಡರು. ಹಾಗಾಗಿ ವಿಡಿಯೋ ಕೊನೆತನಕ ನೋಡಿ, ಅವನು ಏನಾದರೂ ಮಾರುತ್ತಿದ್ದಾನಾ, ದುಡ್ಡು ಕಳಿಸಿ ಅನ್ನುತ್ತಾನಾ ಅಂತ. ಈ ಹಿಂದೆ ಸರಿಯಾಗಿ ಹೇಳಿದ್ದೆ ಅನ್ನುತ್ತಾನಾದರೆ, ಅದು ನಡೆಯುವ ಮೊದಲೇ ತಾರೀಕು ಸಮೇತ ಹೇಳಿದ್ದನ್ನು ತೋರಿಸಲಿ.

ಅತ್ತೆಗೆ 2012ರ ಡಿಸೆಂಬರ್ 21 ನೆನಪಿಸಿ. ಟಿವಿಯಲ್ಲಿ ಪ್ರಳಯ ಪ್ರಳಯ ಅಂತ ಬೊಬ್ಬೆ ಹೊಡೆದದ್ದೇ ಹೊಡೆದದ್ದು. 1962ರ ಫೆಬ್ರವರಿಯಲ್ಲಿ ಎಂಟು ಗ್ರಹ ಒಟ್ಟು ಸೇರುತ್ತವೆ, ಪ್ರಳಯ ಆಗುತ್ತದೆ ಅಂತ ಜನ ಹೆದರಿದ್ದ ಅಷ್ಟಗ್ರಹ ಕೂಟದ ಸಮಯಕ್ಕೆ ಅವರು ಚಿಕ್ಕವರು, ಆದರೆ ಮನೆಯಲ್ಲಿ ಹಿರಿಯರು ಹೇಳಿದ್ದು ಕೇಳಿರಬಹುದು.

ಕಡಲಿನ ಭಯ ಪೂರ್ತಿ ಹುಚ್ಚಲ್ಲ ಅಂತಲೂ ಹೇಳಬೇಕು. ಕಡಲ್ಕೊರೆತ ನಮ್ಮ ಕರಾವಳಿಗೆ ಪ್ರತಿ ಮಳೆಗಾಲದ ತಲೆನೋವು. ಅದನ್ನು ತಿಳಿಯಲು ಸತ್ತು ಬರಬೇಕಾಗಿಲ್ಲ. ಜಾಗ ಸಿಆರ್‌ಝಡ್ (ಕಡಲ ದಂಡೆಯಲ್ಲಿ ಕಟ್ಟಡ ಕಟ್ಟಲು ನಿರ್ಬಂಧ ಇರುವ ವಲಯ) ಒಳಗೆ ಬರುತ್ತದಾ ನೋಡಿ, ಅಕ್ಕಪಕ್ಕದ ಮೀನುಗಾರರನ್ನು ಕೇಳಿ, ಆಮೇಲೆ ಮಾರುವುದೋ ಇಟ್ಟುಕೊಳ್ಳುವುದೋ ತೀರ್ಮಾನ ಮಾಡಿ.

ಇನ್ನೊಂದು. ಹೃದಯ ನಿಂತು ಬದುಕಿದವರಲ್ಲಿ ಆತಂಕ, ಖಿನ್ನತೆ ಜಾಸ್ತಿ ಕಾಣುತ್ತದೆ. ರಾತ್ರಿ ನಿದ್ದೆ ಬರುತ್ತದಾ, ಊಟ ಸೇರುತ್ತದಾ ವಿಚಾರಿಸಿ, ಇಲ್ಲವಾದರೆ ಅವರ ಹೃದಯದ ಡಾಕ್ಟರಿಗೆ ಹೇಳಿ, ಬೇಕಾದರೆ ಮನೋವೈದ್ಯರನ್ನೂ ನೋಡಿ. ದಿನವಿಡೀ ವಿಡಿಯೋ ನೋಡುವವರಿಗೆ ಮಾತಾಡಲು ಯಾರೂ ಇರುವುದಿಲ್ಲ, ಎಷ್ಟೋ ಸಲ. ಅವರ ಅಮ್ಮ ಕಂಡರು ಅಂತ ಬರೆದಿದ್ದೀರಿ. ಅಮ್ಮ ಏನಾದರೂ ಹೇಳಿದರಾ ಅಂತ ಮನೆಯಲ್ಲಿ ಯಾರಾದರೂ ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದಿಲ್ಲ.